ಅವಲೋಕನ ಮತ್ತು ಸಹಸಂಬಂಧ ವಿಧಾನ: ಹೈದರಾಬಾದಿನ ಅಧ್ಯಾಯ

ಮಗುವನ್ನು ಬೇಕೆಂದೇ ಹಸಿವಿಗೆ ದೂಡಿ ಅದರ ಬುದ್ಧಿ ಏನಾಗುತ್ತದೆಂದು ನೋಡುವಂತಿಲ್ಲ. ಹೀಗೆ ಪ್ರಯೋಗಕ್ಕೆ ಆಸ್ಪದವಿಲ್ಲದ ಕಡೆ ಮನೋವಿಜ್ಞಾನ ಎರಡು ದಾರಿ ಹಿಡಿಯುತ್ತದೆ. ಇದ್ದದ್ದನ್ನು ಇದ್ದಂತೆ ನೋಡಿ ಬರೆದಿಡುವುದು ಅವಲೋಕನ; ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆಂದು ಅಳೆಯುವುದು ಸಹಸಂಬಂಧ. ಹೈದರಾಬಾದಿನಲ್ಲಿ ಇವುಗಳ ಕಸುವು ಕಂಡದ್ದು ಮನೋವಿಜ್ಞಾನದ ತರಗತಿಗಿಂತ ಹೆಚ್ಚಾಗಿ ಪೋಷಣಾ ಸಂಶೋಧನೆಯಲ್ಲಿ.

ಸಹಸಂಬಂಧದ ಕಲ್ಪನೆಯನ್ನು 1888ರಲ್ಲಿ ಮುಂದಿಟ್ಟವನು ಫ್ರಾನ್ಸಿಸ್ ಗಾಲ್ಟನ್. ಕಾರ್ಲ್ ಪಿಯರ್ಸನ್ ಅದಕ್ಕೆ ಗಣಿತದ ರೂಪ ಕೊಟ್ಟ. ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಅದನ್ನು ಬುದ್ಧಿಮತ್ತೆಯ ಅಳತೆಗೆ ತಂದ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಇದೇ ಸ್ಪಿಯರ್‌ಮನ್ನನ ಶಿಷ್ಯರು.

ಹೈದರಾಬಾದಿನ ಅವಲೋಕನ ಪರಂಪರೆಯಲ್ಲಿ ಶಾಮೀರ್‌ಪೇಟೆಗೆ ಮೊದಲ ಸಾಲಿನ ಜಾಗ. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಎಸ್.ಸಿ. ದುಬೆ 1951-52ರಲ್ಲಿ ನಗರದ ಹೊರವಲಯದ ಈ ಹಳ್ಳಿಯನ್ನು ತಂಡದೊಡನೆ ಅಭ್ಯಸಿಸಿದರು. ಅದರ ಫಲವಾದ ಗ್ರಂಥ 1955ರಲ್ಲಿ ಬಂತು. ಅದು ಸಮಾಜಶಾಸ್ತ್ರದ ಕೃತಿ, ನಿಜ. ಆದರೂ ಮನೆಯೊಳಗಿನ ಸಂಬಂಧ, ಮುನಿಸು, ಮರ್ಯಾದೆಗಳನ್ನು ಪ್ರಶ್ನಾವಳಿಯೊಂದರಿಂದಲೇ ತಿಳಿಯಲಾಗದೆಂಬ ಅರಿವು ಅಲ್ಲಿದೆ.

ಇನ್ನು ಪೋಷಣೆಯ ಕಡೆಗೆ: 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಆರಂಭಿಸಿದ್ದ ಪೋಷಣಾ ಸಂಶೋಧನೆ 1950ರ ದಶಕದ ಕೊನೆಗೆ ಹೈದರಾಬಾದಿನ ತಾರ್ನಾಕಕ್ಕೆ ಬಂತು. 1969ರಿಂದ ಆ ಸಂಶೋಧನಾ ಕೇಂದ್ರದ ಹೆಸರು ರಾಷ್ಟ್ರೀಯ ಪೋಷಣಾ ಸಂಸ್ಥೆ. ಇಲ್ಲಿನ ಎಸ್. ಚಂಪಕಮ್, ಎಸ್.ಜಿ. ಶ್ರೀಕಂಠಯ್ಯ, ಸಿ. ಗೋಪಾಲನ್ 1968ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಧ್ಯಾಯದ ತಿರುಳು. ಒಂದೂವರೆಯಿಂದ ಮೂರು ವರ್ಷದೊಳಗೆ ಕ್ವಾಶಿಯೋರ್ಕರ್ ಎಂಬ ತೀವ್ರ ಅಪೌಷ್ಟಿಕತೆಯ ಕಾಯಿಲೆ ಬಂದು, ಚಿಕಿತ್ಸೆಯಿಂದ ಚೇತರಿಸಿಕೊಂಡಿದ್ದ 19 ಮಕ್ಕಳನ್ನು ಎಂಟರಿಂದ ಹನ್ನೊಂದರ ಪ್ರಾಯದಲ್ಲಿ ಪರೀಕ್ಷಿಸಲಾಯಿತು. ಅವರಿಗೆ ಹೋಲಿಕೆಯಾಗಿ ಆರಿಸಿದ ಮಕ್ಕಳು ವಯಸ್ಸು, ಲಿಂಗ, ಧರ್ಮ, ಜಾತಿ, ಆರ್ಥಿಕ ಸ್ಥಿತಿ, ಕುಟುಂಬದ ಗಾತ್ರ, ಹುಟ್ಟಿದ ಕ್ರಮ, ತಂದೆತಾಯಿಯ ವಿದ್ಯೆ ಇಷ್ಟರಲ್ಲೂ ಸರಿಸಾಟಿ. ಹುಟ್ಟಿದ ಕ್ರಮವನ್ನು ಸೇರಿಸಿದ್ದು ಅತಿ ಜಾಗ್ರತೆಯೆನ್ನುವಂತಿಲ್ಲ: ‘ಕ್ವಾಶಿಯೋರ್ಕರ್’ ಎಂಬ ಘಾನಾದ ಮಾತೇ, ತಂಗಿಯೋ ತಮ್ಮನೋ ಹುಟ್ಟಿ ಎದೆಹಾಲು ತಪ್ಪಿದ ಮಗುವಿನ ಕಾಯಿಲೆಯನ್ನು ಹೇಳುತ್ತದೆ.

ಕಾಯಿಲೆ ಬಂದಿದ್ದ ಮಕ್ಕಳು ಬುದ್ಧಿ ಪರೀಕ್ಷೆಯಲ್ಲೂ, ಒಂದು ಇಂದ್ರಿಯದ ತಿಳಿವನ್ನು ಇನ್ನೊಂದರ ತಿಳಿವಿಗೆ ಹೊಂದಿಸುವ ಪರೀಕ್ಷೆಯಲ್ಲೂ ಹಿಂದೆ ಬಿದ್ದರು. ಗ್ರಹಿಕೆ ಮತ್ತು ಅಮೂರ್ತ ಚಿಂತನೆಯಲ್ಲಿ ಕೊರತೆ ಎದ್ದು ಕಂಡಿತು. ಎಂಟು-ಒಂಬತ್ತರ ಮಕ್ಕಳಲ್ಲಿ ಅಂತರ ಹೆಚ್ಚು, ಹತ್ತು-ಹನ್ನೊಂದರವರಲ್ಲಿ ಕಡಿಮೆ. ಹಾಗಾದರೆ ಬೆಳೆದಂತೆ ನಷ್ಟ ತುಂಬಿಬರುತ್ತದೆಯೇ? ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸದೆ, ಬೇರೆಬೇರೆ ವಯಸ್ಸಿನವರನ್ನು ಒಮ್ಮೆ ಹೋಲಿಸಿದ್ದರಿಂದ ಹಾಗೆ ಖಚಿತವಾಗಿ ಹೇಳಲಾಗದು. ಇನ್ನೊಂದು ತೊಡಕೂ ಇದೆ. ಎರಡು ಮನೆಗಳ ಬಡತನ ಕಾಗದದ ಮೇಲೆ ಒಂದೇ ಆದರೂ, ಒಂದರಲ್ಲಿ ಮಗು ಕಾಯಿಲೆ ಬಿತ್ತು, ಇನ್ನೊಂದರಲ್ಲಿ ಬೀಳಲಿಲ್ಲ. ಆ ವ್ಯತ್ಯಾಸವೇ ಬುದ್ಧಿಯನ್ನೂ ಮುಟ್ಟಿರಬಹುದು. 1972ರಲ್ಲಿ ಜಮೈಕಾದ ಅಧ್ಯಯನ ಸಹೋದರರನ್ನೂ ಹೋಲಿಕೆಗೆ ತಂದದ್ದು ಈ ಗಂಟನ್ನು ಬಿಡಿಸಲೆಂದೇ.

ಆಹಾರಕ್ಕೂ ಮನಸ್ಸಿಗೂ ಇರುವ ನಂಟನ್ನು ಹುಡುಕುತ್ತ ಅವಲೋಕನದಿಂದ ಹೊರಟ ಇನ್ನೊಂದು ಪ್ರಕರಣ ಪೆಲಾಗ್ರ. ಚರ್ಮದ ಜೊತೆ ಮನಸ್ಸನ್ನೂ ಕೆಡಿಸುವ ಈ ರೋಗ ಬೇರೆ ದೇಶಗಳಲ್ಲಿ ಮೆಕ್ಕೆಜೋಳ ಉಣ್ಣುವವರದೆನಿಸಿತ್ತು; ಹೈದರಾಬಾದಿನಲ್ಲಿ ಜೋಳ ಉಣ್ಣುವ ಬಡವರಲ್ಲಿ ಕಂಡಿತು. ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂದು ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಸೂಚಿಸಿದರು. ಮುಂದೆ ಅದಕ್ಕೆ ಪ್ರತಿವಾದಗಳೂ ಬಂದವು. ಜೋಳದ ರೊಟ್ಟಿಯ ಜೊತೆ ಬೇಳೆ, ಕಾಳುಪಲ್ಯ, ಮಜ್ಜಿಗೆ ಇದ್ದವರ ಮಾತೇ ಬೇರೆ ಎಂಬುದನ್ನು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ.

1987ರಿಂದ 1990ರವರೆಗೆ ಹೈದರಾಬಾದ್ ಬಳಿಯ 29 ಹಳ್ಳಿಗಳಲ್ಲಿ ನಡೆದ ಅಧ್ಯಯನ ಅವಲೋಕನಕ್ಕೂ ಪ್ರಯೋಗಕ್ಕೂ ನಡುವಿನದು. 15 ಹಳ್ಳಿಗಳ ಗರ್ಭಿಣಿಯರಿಗೂ ಎಳೆಯರಿಗೂ ಅಂಗನವಾಡಿಯ ಪೂರಕ ಆಹಾರ ಸಿಕ್ಕಿತು. ಯೋಜನೆ ಇನ್ನೂ ತಲುಪದ 14 ಹಳ್ಳಿಗಳಿಗೆ ಸಿಗಲಿಲ್ಲ. ಆ ಮಕ್ಕಳನ್ನು ಹದಿಹರೆಯದಲ್ಲಿ ಮತ್ತೆ ಹುಡುಕಿ ಅಳೆದಾಗ, ಆಹಾರ ಸಿಕ್ಕ ಹಳ್ಳಿಗಳವರು ಉಳಿದವರಿಗಿಂತ ಸರಾಸರಿ 14 ಮಿಲಿಮೀಟರ್ ಹೆಚ್ಚು ಎತ್ತರವಿದ್ದರು. ಶಾಲಾ ಕಲಿಕೆಯ ಲೆಕ್ಕವೂ ಮುಂದೆ ನಡೆಯಿತು. ಆದರೆ ಯಾವ ಹಳ್ಳಿಗೆ ಮೊದಲು ಆಹಾರ ಎಂಬುದನ್ನು ತೀರ್ಮಾನಿಸಿದ್ದು ಚೀಟಿ ಎತ್ತಿಯಲ್ಲ, ಸರ್ಕಾರಿ ಯೋಜನೆ ಹಬ್ಬಿದ ಕ್ರಮ.