ಬಾಟಲಿಯ ನೀರು, ತೋಡಿನ ಕೆಸರು

ನಮ್ಮ ಕಡೆಯ ಊರುಗಳೆಲ್ಲ ಇಳಿಜಾರಿನವು. ಮೇಲೆ ಮುರಕಲ್ಲಿನ ಪದವು, ಗುಡ್ಡದ ಬುಡದಲ್ಲಿ ಮನೆ, ಮನೆಯ ಕೆಳಗೆ ಅಡಿಕೆ ತೋಟ, ತೋಟದಂಚಿಗೆ ತೋಡು. ಪದವಿನಲ್ಲಿ ಸುರಿದ ಮಳೆ ಕಲ್ಲಿನ ತೂತುಗಳಲ್ಲಿ ಇಳಿದು ಬಾವಿಗೆ ಒರತೆಯಾಗಿ ಬರುತ್ತದೆ. ಉಳಿದದ್ದು ತೋಡಿಗೆ, ತೋಡಿನಿಂದ ಹೊಳೆಗೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ನೀರು ನೇತ್ರಾವತಿಯನ್ನು ಸೇರಿ, ಬಂಟ್ವಾಳವನ್ನು ದಾಟಿಯೇ ಕಡಲಿಗೆ ಹೋಗಬೇಕು. ಮೇಲಿನವರು ಚೆಲ್ಲಿದ್ದನ್ನು ಕೆಳಗಿನವರು ಕುಡಿಯುವ ಸೀಮೆ ಇದು.

ಆ ಪದವುಗಳಲ್ಲಿ ಸರಕಾರ ಗೇರು ನೆಟ್ಟಿತು. ಗೇರು ಹೂ ಬಿಡುವಾಗ ಟೀ ಸೊಳ್ಳೆಯ ಕಾಟ. ಅದಕ್ಕೆ ಮದ್ದೆಂದು ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯತೊಡಗಿದರು. ಮರಕ್ಕೆ ಹೊಡೆದದ್ದು ಮರಕ್ಕೇ ಬೀಳಬೇಕೆಂದು ಗಾಳಿಗೆ ಯಾರು ಹೇಳುವುದು? ಗುಡ್ಡದ ಬುಡದ ತೆರೆದ ಬಾವಿ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಹಟ್ಟಿಯ ಹುಲ್ಲು ಎಲ್ಲವೂ ಅದರ ದಾರಿಯಲ್ಲೇ ಇದ್ದವು.

ಈ ವಿಷದ ಸ್ವಭಾವ ತಿಳಿಯದೆ ಅದರ ಪರೀಕ್ಷೆಯ ಕತೆ ಅರ್ಥವಾಗದು. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಮಣ್ಣಿಗೆ, ಕೆಸರಿಗೆ, ಕೊಳೆತ ಎಲೆಗೆ ಅಂಟಿಕೊಳ್ಳುತ್ತದೆ. ಮಣ್ಣಿನಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ರೂಪ ತಾಳುತ್ತದೆ. ಅದೂ ವಿಷವೇ, ಆಯುಸ್ಸು ಇನ್ನೂ ಜಾಸ್ತಿ. ಕ್ಷಾರದ ನೀರಿನಲ್ಲಿ ಬೇಗನೆ ಒಡೆಯುವ ಎಂಡೋಸಲ್ಫಾನ್ ಹುಳಿ ನೀರಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಮುರಕಲ್ಲು ಸೀಮೆಯ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಹುಳಿಯ ಕಡೆಗೇ ವಾಲಿದ್ದು. ಆದ್ದರಿಂದ ತಿಳಿನೀರನ್ನು ಬಾಟಲಿಗೆ ತುಂಬಿಸಿ ಕಳುಹಿಸಿದರೆ ಒಂದು ಉತ್ತರ, ತೋಡಿನ ತಳದ ಕೆಸರನ್ನು ಬಗೆದು ಕಳುಹಿಸಿದರೆ ಇನ್ನೊಂದು ಉತ್ತರ. ಸಿಂಪಡಿಸಿದ ವಾರ ಒಂದು, ಆಟಿಯ ಮಳೆ ತೊಳೆದ ಮೇಲೆ ಇನ್ನೊಂದು. ಎರಡೂ ವರದಿಗಳು ಸುಳ್ಳಲ್ಲದೆ ಇರಬಹುದು. ತಾರೀಕನ್ನೂ ಜಾಗವನ್ನೂ ಕೇಳದವನಿಗೆ ಮಾತ್ರ ಅವು ಮೋಸ ಮಾಡುತ್ತವೆ.

ಗಡಿಯಾಚೆಯ ಪಡ್ರೆಯಲ್ಲಿ ಆದದ್ದು ಇದೇ. ಕಾಸರಗೋಡಿನ ಈ ಕನ್ನಡದ ಹಳ್ಳಿಯ ಸುತ್ತ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಆಕಾಶದಿಂದ ಮದ್ದು ಬಿತ್ತು. ಕರುಗಳು ಊನವಾಗಿ ಹುಟ್ಟುತ್ತಿವೆಯೆಂದು ಶ್ರೀ ಪಡ್ರೆಯವರು 1979ರಲ್ಲೇ ಬರೆದರು. ಮುಂದೆ ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳ ಮನೆಗಳನ್ನು ಒಂದೊಂದಾಗಿ ನಕಾಶೆಯಲ್ಲಿ ಗುರುತಿಸುತ್ತ ಹೋದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿಯ ನೀರು, ಮಣ್ಣು, ತಾಯಿಹಾಲು, ರಕ್ತವನ್ನು ಪರೀಕ್ಷಿಸಿ ವಿಷವಿದೆ ಎಂದಿತು. ಪ್ಲಾಂಟೇಷನ್ನಿನವರು ತಮಿಳುನಾಡಿನ ಫ್ರೆಡ್ರಿಕ್ ಸಂಸ್ಥೆಯಿಂದ ಮಾಡಿಸಿದ ಪರೀಕ್ಷೆ ನೀರಿನಲ್ಲೂ ರಕ್ತದಲ್ಲೂ ಇಲ್ಲ ಎಂದಿತು. ಒಂದೇ ಊರು, ಒಂದೇ ವರ್ಷ! ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಕೊನೆಯ ಸಿಂಪರಣೆಯಾಗಿ ಸುಮಾರು ಹತ್ತು ತಿಂಗಳು ಕಳೆದಿತ್ತು. ಆದರೂ ಮಕ್ಕಳ ರಕ್ತದಲ್ಲಿ ಅದು ಇತ್ತು. ಪಡ್ರೆಯ 117 ಗಂಡುಮಕ್ಕಳನ್ನು ಸಿಂಪರಣೆಯಿಲ್ಲದ ಊರಿನ 90 ಮಂದಿಯೊಂದಿಗೆ ಹೋಲಿಸಿ ನೋಡಿದಾಗ ಪಡ್ರೆಯವರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬುದು ಕಂಡಿತು. ಆ ಲೇಖನ ಅಚ್ಚಾದದ್ದು 2003ರಲ್ಲಿ.

ಕೊಕ್ಕಡಕ್ಕೆ ಇಷ್ಟು ಹೆಸರು ಬರಲಿಲ್ಲ. ತಾಲೂಕಿನ ಆಚೆ ಅದರ ಸುದ್ದಿ ಹೋದದ್ದೇ ನಿಧಾನ. ಕರ್ನಾಟಕ 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು; ಅದೇ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ತಡೆಯಿತು. ಆಮೇಲೆ ಕೊಕ್ಕಡದಲ್ಲೂ ಕೊಯಿಲದಲ್ಲೂ ಪಾಲನಾ ಕೇಂದ್ರಗಳು ತೆರೆದವು, ಮಾಸಾಶನ ಬಂತು. ಅದು ಸಿಗುವುದು ಅಂಗವೈಕಲ್ಯ ಶೇಕಡಾ ಎಷ್ಟು ಎಂಬ ಲೆಕ್ಕದ ಮೇಲೆ. ಹಾಗಾಗಿ ಕಚೇರಿಯ ಕಡತಕ್ಕೆ ಹೋದದ್ದು ಬಾವಿಯ ಮಣ್ಣಿನ ವರದಿಯಲ್ಲ, ಮಗುವಿನ ಕೈಕಾಲಿನ ವರದಿ. ಮಲಗಿದಲ್ಲೇ ಇರುವ ಮಗನನ್ನು ಎತ್ತಿಕೊಂಡು ಸರ್ಟಿಫಿಕೇಟಿಗಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ತಾಯಿಗೆ, ಇದು ಎಂಡೋಸಲ್ಫಾನಿನಿಂದಲೇ ಎಂಬುದಕ್ಕೆ ಏನು ಸಾಕ್ಷಿ ಎಂದು ಕೇಳುವುದು ನನಗಂತೂ ಕ್ರೂರವೆಂದೇ ತೋರುತ್ತದೆ. ಸಾಕ್ಷಿ ತೋಡಿನಲ್ಲಿ ಹಸಿಯಾಗಿದ್ದಾಗ ಅದನ್ನು ಬಗೆದಿಡಬೇಕಾಗಿದ್ದವರು ಅವಳಲ್ಲ.

ಈ ಕತೆ ಮುಗಿದಿಲ್ಲ. ಸಿಂಪರಣೆ ನಿಂತಾಗ ಗೋದಾಮುಗಳಲ್ಲಿ ಉಳಿದ ಮದ್ದನ್ನು ಕಾಸರಗೋಡಿನ ಮಿಂಚಿನಪದವಿನ ಒಂದು ಹಾಳುಬಾವಿಗೆ ಹಾಕಿದ್ದಾರೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಮಿಂಚಿನಪದವು ನಮ್ಮ ಪುತ್ತೂರು ತಾಲೂಕಿನ ಗಡಿಗೇ ತಾಗಿದ ಜಾಗ. ಅಂತರ್ಜಲ ರಾಜ್ಯದ ಗಡಿ ನೋಡುವುದಿಲ್ಲ. 2023ರ ಕೊನೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಆ ಪದವು ಹತ್ತಿದರು. ಇಂಥ ಕಡೆ ಹಾಳುಬಾವಿಯ ತಳದ ಮಣ್ಣು, ಸುತ್ತಲಿನ ಮನೆಬಾವಿಗಳ ನೀರು, ಗುಡ್ಡದ ಬುಡದ ತೋಡಿನ ಕೆಸರು ಮೂರನ್ನೂ ತೆಗೆಯಬೇಕು. ಬೇಸಿಗೆಯಲ್ಲೊಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ. ಎಂಡೋಸಲ್ಫಾನಿನ ಜೊತೆಗೆ ಅದರ ಸಲ್ಫೇಟನ್ನೂ ಹುಡುಕಬೇಕು. ವರದಿ ಬಂದಾಗ ನಾನು ಮೊದಲು ಓದುವುದು ಅದರ ಕೊನೆಯ ಪುಟವನ್ನಲ್ಲ. ಮಾದರಿ ತೆಗೆದ ತಾರೀಕನ್ನು.