ಯೂರಾಲಜಿಸ್ಟ್ ಹತ್ರೆ ಸುರುವಾಣ ಸರ್ತಿ ಹೋಪಗ

ಯೂರಾಲಜಿಸ್ಟ್ ಹೇಳಿರೆ ಗೆಂಡುಮಕ್ಕೊಗೆ ಮಾಂತ್ರ ಇಪ್ಪ ಡಾಕ್ಟ್ರು ಹೇಳಿ ನಮ್ಮಲ್ಲಿ ಸುಮಾರು ಜೆನ ಗ್ರೇಶಿದ್ದವು. ಪ್ರೊಸ್ಟೇಟ್ ಗ್ರಂಥಿ ಅವಕ್ಕೆ ಮಾಂತ್ರ ಇಪ್ಪದು ಅಪ್ಪು. ಆದರೆ ಮೂತ್ರಪಿಂಡ, ಮೂತ್ರಕೋಶ ಎಲ್ಲೋರಿಂಗೂ ಇದ್ದನ್ನೆ! ಕಲ್ಲು, ಉರಿಮೂತ್ರ, ಸೆಮ್ಮುವಗ ನೆಗೆ ಮಾಡುವಗ ಹನಿ ಹೋಪದು, ಇರುಳು ನಾಕು ಸರ್ತಿ ಏಳುದು, ಮೂತ್ರಲ್ಲಿ ನೆತ್ತರು, ಇದೆಲ್ಲ ಅವರ ಹತ್ರೆಯೇ ತೋರ್ಸೆಕ್ಕಾದ್ದು.

ಎನ್ನ ಚಿಕ್ಕಮ್ಮಂಗೆ ಎರಡು ಸರ್ತಿ ಮೂತ್ರ ಕೆಂಪು ಹೋಯಿದು. ಬೇನೆ ಇತ್ತಿಲ್ಲೆ. "ಉಷ್ಣ ಆದ್ದಾಯಿಕ್ಕು ಮಗಳೇ, ಬೊಂಡ ಕುಡುದೆ, ಕಮ್ಮಿ ಆತು" ಹೇಳಿ ಮೂರು ತಿಂಗಳು ಆರ ಹತ್ರುದೆ ಹೇಳದ್ದೆ ಕೂದವು. ಬೇನೆ ಇಲ್ಲದ್ದೆ ಒಂದೇ ಸರ್ತಿ ನೆತ್ತರು ಕಂಡರೂ ತೋರ್ಸಲೇ ಬೇಕು. ಕಲ್ಲೋ ನಂಜೋ ಆಗಿಪ್ಪಲೂ ಸಾಕು, ಮೂತ್ರಕೋಶದ ಕೇನ್ಸರಿನ ಸುರುವಾಣ ಗುರ್ತ ಆಗಿಪ್ಪಲೂ ಸಾಕು. ಏವದು ಹೇಳಿ ನೋಡದ್ದೆ ಹೇಳ್ಲೆ ಎಡಿಯ. ಬಪ್ಪ ವಾರ ಕರಕ್ಕೊಂಡು ಹೋಪಲಿದ್ದು. ಅವಕ್ಕೆ ಧೈರ್ಯ ಬರಲಿ ಹೇಳಿ ಆನು ಈ ವಿದ್ಯೆಯ ಹಳೇ ಕತೆಗಳ ಹೇಳ್ಲೆ ಸುರು ಮಾಡಿದೆ. ನಿಂಗೊಗುದೆ ಹೇಳ್ತೆ.

ಡಾಕ್ಟ್ರು ಸುರುವಿಂಗೆ ಕೇಳುದು ಒಂದು ಕುಪ್ಪಿ ಮೂತ್ರ. ಇದು ಇಂದು ನಿನ್ನೆ ಸುರು ಆದ್ದಲ್ಲ. ಯೂರೋಪಿಲಿ ನೂರಾರು ವರ್ಷ ವೈದ್ಯರ ಗುರ್ತವೇ ಕೈಲಿಪ್ಪ ಮೂತ್ರದ ಕುಪ್ಪಿ ಆಗಿತ್ತು. ಹೊಟ್ಟೆ ಉರುಟಿಪ್ಪ ತೆಳು ಗಾಜಿನ ಆ ಕುಪ್ಪಿಗೆ ಮಟುಲಾ ಹೇಳಿ ಹೆಸರು. ಬೆಣ್ಚಿಗೆ ಹಿಡುದು ಬಣ್ಣ, ಮಡ್ಡಿ, ನೊರೆ ನೋಡುಗು. ಬಣ್ಣ ಹೋಲ್ಸಿ ನೋಡ್ಲೆ ಕುಪ್ಪಿಗಳ ಚಕ್ರದ ಹಾಂಗೆ ಸುತ್ತ ಬರದ ಪಟವೂ ಇತ್ತು. 1506ರಲ್ಲಿ ಅಚ್ಚಾದ ಉಲ್ರಿಚ್ ಪಿಂಡರನ ಪುಸ್ತಕಲ್ಲಿ ಅಂಥದ್ದೊಂದು ಇದ್ದು.

ಅದು ಕಡೆಂಗೆ ಎಲ್ಲಿಗೆ ಎತ್ತಿತ್ತು ಹೇಳಿರೆ, ರೋಗಿ ಮನೆಲೇ ಮನುಗಿಪ್ಪದು, ಕೆಲಸದವು ಕುಪ್ಪಿ ತೆಕ್ಕೊಂಡು ಹೋಪದು, ವೈದ್ಯ° ಕುಪ್ಪಿಯ ಮಾಂತ್ರ ನೋಡಿ ರೋಗವನ್ನೂ ಮದ್ದನ್ನೂ ಹೇಳುದು. ಇಂಗ್ಲೆಂಡಿಲಿ ಇಂಥವರ 'ಮೂತ್ರದ ಜೋಯಿಸಕ್ಕೊ' ಹೇಳ್ತ ಅರ್ಥದ ಹೆಸರಿಲಿ ನೆಗೆ ಮಾಡಿಗೊಂಡಿತ್ತವು. 1637ರಲ್ಲಿ ಥಾಮಸ್ ಬ್ರಯಾನ್ ಹೇಳ್ತವ° ಅದೇ ಹೆಸರು ಮಡಗಿ ಒಂದು ಪುಸ್ತಕ ಬರದು ಈ ಮೋಸವ ಬಯಲು ಮಾಡಿದ°.

ನಾವು ಈಗ ಮಾಡುದುದೆ ಅದೇ ಅಲ್ಲದೋ? ಬೆಂಗ್ಳೂರಿಲಿಪ್ಪ ಮಗಂಗೆ ರಿಪೋರ್ಟಿನ ಪಟ ವಾಟ್ಸಪ್ಪಿಲಿ ಕಳ್ಸುದು, ಅವ° ಗುರ್ತದ ಡಾಕ್ಟ್ರಿಂಗೆ ಕಳ್ಸುದು, ಅಲ್ಲಿಂದ ಮಾತ್ರೆಯ ಹೆಸರು ಬಪ್ಪದು. ಕುಪ್ಪಿ ಹೋಗಿ ಫೋಟೋ ಬಂತು, ಅಷ್ಟೇ. ಹೊಟ್ಟೆ ಒತ್ತಿ ನೋಡಿದವು ಆರೂ ಇಲ್ಲೆ.

ಹಾಂಗೆ ಹೇಳಿ ಮೂತ್ರ ನೋಡುದೇ ಸುಳ್ಳು ಹೇಳಿ ಅಲ್ಲ. ಮೂತ್ರಕ್ಕೆ ಎರುಗು ಮುತ್ತುದು ಪ್ರಮೇಹದ ಸೂಚನೆ ಹೇಳಿ ಚರಕಸಂಹಿತೆಲಿ ಇದ್ದು. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್, ನಾವು ಬೆಲ್ಲ ಕಾಸುವ ಹಾಂಗೆ ಮೂತ್ರವ ಬತ್ತುಸಿ, ಒಳುದ್ದು ಸಕ್ಕರೆ ಹೇಳಿ ತೋರ್ಸಿದ°. (ಆ ಮನೆಯ ಹೆಂಡತಿಯ ಅವಸ್ಥೆ ಗ್ರೇಶಿರೆ ಎನಗೆ ನೆಗೆ ಬತ್ತು.) 1956ರಲ್ಲಿ ಅಮೆರಿಕಲ್ಲಿ ಹೆಲೆನ್ ಫ್ರೀ ಹೇಳ್ತ ವಿಜ್ಞಾನಿಯೂ ಅವರ ಗೆಂಡ° ಆಲ್ಫ್ರೆಡ್ ಫ್ರೀಯೂ ಸೇರಿ, ಮೂತ್ರಲ್ಲಿ ಅದ್ದಿರೆ ಸಕ್ಕರೆ ಗೊಂತಪ್ಪ ಪಟ್ಟಿಯ ಮಾಡಿದವು. ಲೇಬಿಲಿ ಈಗ ಅದ್ದುವ ಬಣ್ಣಬಣ್ಣದ ಚೌಕದ ಪಟ್ಟಿ ಅದರದ್ದೇ ಸಂತತಿ.

ಹೆರಡುವ ಮದಲು ಒಂದಕ್ಕೆ ಹೋಗಿಕ್ಕಿ ಬಪ್ಪ ನಮ್ಮ ಅಭ್ಯಾಸ ಆ ದಿನಕ್ಕೆ ಬೇಡ. ಅಲ್ಲಿ ಎತ್ತಿದ ಕೂಡ್ಲೆ ಮೂತ್ರ ಕೇಳುಗು, ಸ್ಕೇನಿಂಗ್ ಮಾಡುತ್ತರೆ ಮೂತ್ರಕೋಶ ತುಂಬಿರೆಕ್ಕು. ಸುರುವಿಂಗೆ ಬಪ್ಪದರ ರಜ್ಜ ಬಿಟ್ಟು, ನೆಡುಗಾಣದ್ದರ ಕುಪ್ಪಿಲಿ ಹಿಡಿಯೆಕ್ಕು. ಮುನ್ನಾಣ ದಿನ ಬೀಟ್ರೂಟ್ ತಿಂದಿದ್ದರೆ ಕೆಂಪಾಗಿ ಕಾಂಗು, ಬಿ ಕಾಂಪ್ಲೆಕ್ಸ್ ಮಾತ್ರೆಗೆ ಅರಿಶಿನ ಬಣ್ಣ ಬಕ್ಕು, ಅದರ ಹೇಳಿಕ್ಕಿ.

ಕಲ್ಲಿನ ಕತೆ ಇದಕ್ಕಿಂತ ಹೆದರಿಕೆಯದ್ದು. ಸುಶ್ರುತಸಂಹಿತೆಲಿ ಮೂತ್ರಕೋಶದ ಕಲ್ಲಿನ ಕೊಯ್ದು ತೆಗವ ಕ್ರಮ ವಿವರವಾಗಿ ಇದ್ದು. ಕೊಯ್ಯದ್ರೆ ಸಾವು ಖಂಡಿತ, ಕೊಯ್ದರೆ ಬದುಕುದು ಸಂಶಯ, ಹಾಂಗಾಗಿ ಅರಸನ ಒಪ್ಪಿಗೆ ಕೇಳಿಯೇ ಕೈ ಹಾಕೆಕ್ಕು ಹೇಳ್ತು ಅದು. ಹೆಮ್ಮಕ್ಕಳ ಗರ್ಭಕೋಶ ಮೂತ್ರಕೋಶದ ಹತ್ತರೆಯೇ ಇಪ್ಪ ಕಾರಣ ಬೇರೆ ಜಾಗ್ರತೆ ಬೇಕು ಹೇಳಿಯೂ ಬರದ್ದವು. ಅಂದೇ ನಮ್ಮ ಲೆಕ್ಕಕ್ಕೆ ತೆಕ್ಕೊಂಡಿದವು ಹೇಳಿ ಆತು! ಲಂಡನ್ನಿಲಿ ದಿನಚರಿ ಬರದ ಸಾಮ್ಯುವೆಲ್ ಪೀಪ್ಸಂಗೆ 1658ರ ಮಾರ್ಚ್ 26ಕ್ಕೆ ಕಲ್ಲು ತೆಗದವು. ಬೋಧ ತಪ್ಪುಸುವ ಮದ್ದಿಲ್ಲದ್ದ ಕಾಲ, ಕಟ್ಟಿ ಹಾಕಿ ಹಿಡ್ಕೊಂಡೇ ಮಾಡೆಕ್ಕು. ಬದುಕಿದ್ದಕ್ಕೆ ಅವ° ಆ ದಿನವ ಹಬ್ಬದ ಹಾಂಗೆ ಊಟ ಹಾಕಿ ಆಚರಿಸಿಗೊಂಡಿತ್ತಿದ್ದ°, ಕಲ್ಲಿಂಗೆ ಒಂದು ಪೆಟ್ಟಿಗೆಯನ್ನೂ ಮಾಡ್ಸಿದ°.

ಪೇರಿಸಿಲಿ ಝಾನ್ ಸಿವಿಯಾಲ್ 1824ರಲ್ಲಿ ಕೊಯ್ಯದ್ದೆ, ಮೂತ್ರದ ದಾರಿಲೇ ಸಾಧನ ಹೊಗುಸಿ ಕಲ್ಲಿನ ಹೊಡಿ ಮಾಡಿದ°. 1980ರ ಫೆಬ್ರವರಿ 7ಕ್ಕೆ ಜರ್ಮನಿಯ ಮ್ಯೂನಿಕ್ಕಿಲಿ ಹೆರಂದಲೇ ಆಘಾತದ ಅಲೆ ಬಿಟ್ಟು ಮೂತ್ರಪಿಂಡದ ಕಲ್ಲಿನ ಒಡದವು. ಆ ಯಂತ್ರ ಮಾಡಿದ್ದು ಡಾರ್ನಿಯರ್ ಹೇಳ್ತ ವಿಮಾನದ ಕಂಪೆನಿ.

ಚಿಕ್ಕಮ್ಮಂಗೆ ಎಲ್ಲದಕ್ಕಿಂತ ಹೆದರಿಕೆ ಇದ್ದದು "ಟ್ಯೂಬು ಹಾಕಿ ಒಳ ನೋಡ್ತವಡ" ಹೇಳುದಕ್ಕೆ. 1879ರಲ್ಲಿ ವಿಯೆನ್ನಾಲ್ಲಿ ಮ್ಯಾಕ್ಸ್ ನಿಟ್ಜೆ ತೋರ್ಸಿದ ಕೊಳವೆಲಿ ಬೆಣ್ಚಿಗೆ ಕೆಂಡದ ಹಾಂಗೆ ಹೊಳವ ಪ್ಲಾಟಿನಮ್ ಸರಿಗೆ ಇತ್ತು, ಅದರ ಬೆಶಿ ತಾಗದ್ದ ಹಾಂಗೆ ನೀರು ಹರಿಶೆಕ್ಕಾಗಿತ್ತು. 1890ರ ದಶಕಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೊವಾರ್ಡ್ ಕೆಲ್ಲಿ ಹೆಮ್ಮಕ್ಕೊಗೆ ಹೇಳಿಯೇ ಒಂದು ಸರಳ ಕ್ರಮ ಮಾಡಿದ°: ಮೊಳಪ್ಪು ಊರಿ ಎದೆ ತಗ್ಗುಸಿ ಮನುಗುಸಿರೆ ಮೂತ್ರಕೋಶಲ್ಲಿ ಗಾಳಿ ತುಂಬುತ್ತು; ಹಣೆಗೆ ಕಟ್ಟಿದ ಕನ್ನಾಟಿಂದ ಬೆಣ್ಚಿ ಬಿಟ್ಟು ಒಳ ನೋಡುದು. ಈಗ ಸಪೂರದ ಕೊಳವೆ, ಮರಗಟ್ಟುಸುವ ಜೆಲ್ ಹಾಕಿ ಮಾಡ್ತವು. ಎಲ್ಲೋರಿಂಗೂ ಬೇಕಾವ್ತಿಲ್ಲೆ. ಚಿಕ್ಕಮ್ಮಂಗೆ ಬೇಕಕ್ಕು ಹೇಳಿ ಆನು ಈಗಳೇ ಹೇಳಿದ್ದೆ. ಅಲ್ಲಿ ಹೋಗಿ ಹೊಸತ್ತಾಗಿ ಕೇಳಿ ಹೆದರುದಕ್ಕಿಂತ ಮನೆಲೇ ಹೆದರಿ ಮುಗಿಯಲಿ.

ಒಳುದ್ದು ನಾಚಿಗೆ. ಐಡಾ ಸ್ಕಡರ್ ತಮಿಳುನಾಡಿನ ತಿಂಡಿವನಲ್ಲಿ ಅಪ್ಪನೊಟ್ಟಿಂಗೆ ಇಪ್ಪಗ, ಒಂದೇ ಇರುಳು ಮೂರು ಜೆನ ಬಂದು ಹೆಂಡತಿಯ ಹೆರಿಗೆಗೆ ಬನ್ನಿ ಹೇಳಿ ದಿನಿಗೇಳಿದವು. ಐಡಂಗೆ ಅಂಬಗ ವೈದ್ಯವಿದ್ಯೆ ಗೊಂತಿತ್ತಿಲ್ಲೆ. ಅಪ್ಪ ಡಾಕ್ಟ್ರು, ಅವು ಬತ್ತವು ಹೇಳಿರೆ, ಪರಪುರುಷ ಮುಟ್ಟುಲಾಗ ಹೇಳಿ ಮೂರು ಮನೆಯವೂ ಒಪ್ಪಿದವಿಲ್ಲೆ. ಉದಿಯಪ್ಪಗ ಮೂರು ಹೆಮ್ಮಕ್ಕಳೂ ತೀರಿ ಹೋಗಿತ್ತವು. ಅದೇ ಐಡಾ ಡಾಕ್ಟ್ರಾಗಿ ಬಂದು 1900ರಲ್ಲಿ ವೆಲ್ಲೂರಿಲಿ ಸುರು ಮಾಡಿದ್ದು ಬೆಳದು ಈಗಾಣ ಸಿ.ಎಂ.ಸಿ. ಆಸ್ಪತ್ರೆ ಆದ್ದು.

ಹೆಣ್ಣು ಡಾಕ್ಟ್ರು ಸಿಕ್ಕಿರೆ ಒಳ್ಳೆದು. ಸಿಕ್ಕದ್ರೆ ಪರೀಕ್ಷೆ ಮಾಡುವಗ ನರ್ಸ್ ಒಟ್ಟಿಂಗೆ ಇರಲಿ ಹೇಳಿ ಕೇಳ್ಲಕ್ಕು, ಅದು ನಮ್ಮ ಹಕ್ಕು. ಬಾಯಿಲಿ ಹೇಳ್ಲೆ ಸಂಕೋಚ ಆದರೆ ಒಂದು ಕಾಗದಲ್ಲಿ ಬರದು ಕೊಟ್ಟಿಕ್ಕಿ: ಯಾವಾಗಂದ, ಎಷ್ಟು ಸರ್ತಿ, ಎಂತ ಬಣ್ಣ. ಅಪಾಯಿಂಟ್‌ಮೆಂಟಿಂದ ಮದಲು ಮೂರು ದಿನ, ಎಷ್ಟು ಗ್ಲಾಸು ಕುಡುದೆ, ಯೇವ ಹೊತ್ತಿಂಗೆ ಹೋದೆ, ಇರುಳು ಎಷ್ಟು ಸರ್ತಿ ಎದ್ದೆ ಹೇಳಿ ಲೆಕ್ಕ ಮಡಗಿ. ಹಾಲಿನ ಲೆಕ್ಕ ಕೇಲೆಂಡರಿಲಿ ಬರವ ನವಗೆ ಇದೆಂತ ಕಷ್ಟ? ಮಾತ್ರೆಗಳ ಹೆಸರು ಬರವಲೆ ಹೋಗೆಡಿ, ಪಟ್ಟಿ ಸಮೇತ ಚೀಲಲ್ಲಿ ಹಾಕಿ. ಕಷಾಯ, ಲೇಹ್ಯವನ್ನೂ ಹೇಳಿ. ನೆತ್ತರು ತೆಳು ಮಾಡ್ತ ಮಾತ್ರೆ ಇದ್ದರೆ ಅದರ ಸುರುವಿಂಗೇ ಹೇಳೆಕ್ಕು, ಆದರೆ ನಿಂಗಳಷ್ಟಕ್ಕೇ ನಿಲ್ಸುಲಾಗ. ಹೆರಿಗೆ ಎಷ್ಟು, ಗರ್ಭಕೋಶ ತೆಗದ್ದೋ, ಶುಗರ್ ಇದ್ದೋ ಹೇಳಿಯೂ ಕೇಳುಗು. ಹಳೇ ರಿಪೋರ್ಟುಗೊ ಬರಲಿ, ಅದರ ಒಟ್ಟಿಂಗೆ ನಾವುದೆ ಹೋಯೆಕ್ಕು.

ಇನ್ನು, ಚಳಿ ಜ್ವರ ಬಂದು ಸೊಂಟದ ಹೊಡೆಲಿ ಬೇನೆ ಸುರು ಆದರೆ, ಅಲ್ಲದ್ರೆ ಮೂತ್ರವೇ ಕಟ್ಟಿರೆ, ಬಪ್ಪ ವಾರದ ಚೀಟಿ ಹಿಡ್ಕೊಂಡು ಕೂಪಲಾಗ. ಆ ದಿನವೇ ಹೋಯೆಕ್ಕು, ಇರುಳಾದರೂ.