ಕಾಫಿ ಸೀಮೆಯ ಹಿತ್ತಲು

ಕೆನಡಾದಲ್ಲಿ ನೆಲೆಸಿರುವ ನಮ್ಮ ಬಂಧುವೊಬ್ಬರು ಮನೆ ಕೊಳ್ಳಲು ಹೊರಟಾಗ ಗಂಡಹೆಂಡಿರ ನಡುವೆ ಒಂದು ತಕರಾರು ಎದ್ದಿತು. ಹಿತ್ತಲಿರುವ ಮನೆಗೆ ಬೆಲೆ ಹೆಚ್ಚು. ಹಿತ್ತಲಿಲ್ಲದ ಮನೆ ಅಗ್ಗ, ಪೇಟೆಗೂ ಹತ್ತಿರ. ವರ್ಷದಲ್ಲಿ ಐದು ತಿಂಗಳು ಹಿಮ ಮುಚ್ಚಿಕೊಂಡಿರುವ ಊರಿನಲ್ಲಿ ಹಿತ್ತಲು ಇಟ್ಟುಕೊಂಡು ಮಾಡುವುದೇನು ಎಂಬುದು ಗಂಡನ ವಾದ. ಹೆಂಡತಿ ಮೂಡಿಗೆರೆ ಕಡೆಯವರು. 'ನಮ್ಮೂರಲ್ಲೂ ನಾಲ್ಕು ತಿಂಗಳು ಹೊರಗೆ ಕಾಲಿಡೋ ಹಾಗಿರಲಿಲ್ಲ. ಹಾಗಂತ ಹಿತ್ತಲು ಬೇಡ ಅಂತ ಯಾರಾದರೂ ಅಂದಿದ್ದರಾ?' ಎಂದು ಆಕೆ ಕೇಳಿದರಂತೆ.

ಉತ್ತರ ಹುಡುಕಲು ಕೆನಡಾಕ್ಕೆ ಹೋಗಬೇಕಾಗಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಲ್ಲೇ ಅದು ಸಿಗುತ್ತದೆ. ಇಲ್ಲಿನ ಚಳಿ ಹಿಮದ ಚಳಿಯಲ್ಲ, ಮಳೆಯ ಚಳಿ. ಚಿಕ್ಕಮಗಳೂರು ಪೇಟೆ ಗಿರಿಸಾಲಿನ ಪೂರ್ವದ ಮಗ್ಗುಲಲ್ಲಿರುವುದರಿಂದ ಅಲ್ಲಿ ಮಳೆ ಸ್ವಲ್ಪ ಕಡಿಮೆ. ಪಶ್ಚಿಮಕ್ಕೆ ಸರಿದು ಮೂಡಿಗೆರೆ ದಾಟಿದರೆ ವರ್ಷದ ಮಳೆ ಎರಡು ಸಾವಿರ ಮಿಲಿಮೀಟರನ್ನು ಮೀರುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆ ನಕ್ಷತ್ರಗಳ ಲೆಕ್ಕದಲ್ಲಿ, ಒಂದೇ ಸಮನೆ ಸುರಿಯುತ್ತದೆ. ಬಟ್ಟೆ ಒಣಗುವುದಿಲ್ಲ, ಬೆಂಕಿಪೆಟ್ಟಿಗೆ ಗೀರಿದರೆ ಹತ್ತುವುದಿಲ್ಲ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದು ಕಳಸ–ಹೊರನಾಡಿನ ನಡುವೆ ಹಾದಿ ಕಡಿದುಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಹಿಂದೆ ಆಷಾಢದಲ್ಲಿ ಸಂತೆಗೆ ಹೋಗಿ ತರಕಾರಿ ತರುವ ಮಾತೇ ಇರಲಿಲ್ಲ.

ಹಾಗೆ ಹೊರಗೆ ಹೋಗಲಾಗದ ಕಾಲದಲ್ಲೇ ಹಿತ್ತಲು ಬೇಕಾಗುತ್ತಿತ್ತು ಎಂಬುದನ್ನು ಬಯಲುಸೀಮೆಯ ಓದುಗರು ಗಮನಿಸಬೇಕು. ನಗರದ ಜನ ಹಿತ್ತಲೆಂದರೆ ಸಂಜೆ ಕುರ್ಚಿ ಹಾಕಿಕೊಂಡು ಕೂರುವ ಜಾಗವೆಂದುಕೊಳ್ಳುತ್ತಾರೆ. ಮಲೆನಾಡಿನಲ್ಲಿ ಕೂರಲು ಜಗುಲಿಯಿದೆ, ಒಣಗಿಸಲು ಅಂಗಳವಿದೆ. ಹಿತ್ತಲಿನಲ್ಲಿ ಯಾರೂ ಕೂರುವುದಿಲ್ಲ. ಅಡಿಗೆಮನೆಯ ಹಿಂಬಾಗಿಲು ತೆರೆದು ತಲೆಯ ಮೇಲೊಂದು ಗೊರಬು ಹಾಕಿಕೊಂಡು ಹತ್ತು ಹೆಜ್ಜೆ ಹೋಗಿ, ಬೇಕಾದ್ದನ್ನು ಕಿತ್ತುಕೊಂಡು ಓಡಿಬರುವ ಜಾಗ ಅದು. ಕೆಸು ಬೆಳೆಯುವುದು ಮಳೆ ಹಿಡಿದ ಮೇಲೆಯೇ. ಬಚ್ಚಲಿನ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸು, ಬೇಲಿಯ ಮೇಲೆ ಸೀಮೆಬದನೆ ಬಳ್ಳಿ, ಮೆಟ್ಟಿಲ ಬದಿಗೆ ಒಂದೆಲಗ ಮತ್ತು ದೊಡ್ಡಪತ್ರೆ, ಕಡುಬು ಬೇಯಿಸಲು ಎಲೆ ಕೊಡುವ ಅರಿಶಿನ, ಮೂಲೆಯಲ್ಲೊಂದು ಜೀರಿಗೆ ಮೆಣಸಿನ ಗಿಡ. ಇಷ್ಟಿದ್ದರೆ ಪತ್ರೊಡೆಯಿಂದ ತಂಬುಳಿಯವರೆಗೆ ನಡೆದುಹೋಗುತ್ತಿತ್ತು. ಹಿತ್ತಲ ಹಲಸು ಬೇಸಿಗೆಯಲ್ಲಿ ಹಪ್ಪಳವಾಗಿ, ಉಪ್ಪುನೀರಿನ ಭರಣಿ ಸೇರಿದ ತೊಳೆಯಾಗಿ, ಮಣ್ಣು ಸವರಿ ಇಟ್ಟ ಬೀಜವಾಗಿ ಮಳೆಗಾಲವನ್ನು ಕಾಯುತ್ತಿತ್ತು. ಸೌದೆ ಕೊಟ್ಟಿಗೆಯೂ ಅಲ್ಲೇ, ಹಂಡೆಯ ಒಲೆಯೂ ಅಲ್ಲೇ. ಗುಡ್ಡದ ಅಬ್ಬಿಯಿಂದ ಅಡಕೆ ಮರದ ದಬ್ಬೆಯಲ್ಲಿ ಹರಿದು ಬರುವ ನೀರು ಬಂದು ಬೀಳುತ್ತಿದ್ದುದೂ ಮನೆಯ ಹಿಂದೆಯೇ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ಮಾಡಿದವನು ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದಿರಲಾರ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನೊಂದು ಉಪಯೋಗವನ್ನು ಹಳಬರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕಟ್ಟುವಾಗ ಪಾಲಿಸುತ್ತಿದ್ದರು. ಇಳಿಜಾರನ್ನು ಕಡಿದು ಸಮ ಮಾಡಿ ಮನೆ ಕಟ್ಟುವ ಈ ನಾಡಿನಲ್ಲಿ ಕಡಿದ ಮಣ್ಣಿನ ಗೋಡೆಗೆ ಧರೆ ಎನ್ನುತ್ತಾರೆ. ಧರೆಗೂ ಮನೆಗೂ ನಡುವೆ ಬಿಟ್ಟ ಜಾಗವೇ ಎಷ್ಟೋ ಮನೆಗಳಿಗೆ ಹಿತ್ತಲು. ಮಳೆಗೆ ನೆನೆದ ಧರೆ ಜಾರಿದರೆ ಮಣ್ಣು ಬಾಳೆಯ ಮೇಲೆ ಬೀಳಬೇಕು, ಮಲಗುವ ಕೋಣೆಯ ಮೇಲಲ್ಲ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡವೇ ಕುಸಿದು ಬಂದಾಗ ಯಾವ ಹಿತ್ತಲೂ ಕಾಯಲಿಲ್ಲ, ನಿಜ. ಆದರೆ ಪ್ರತಿ ಮಳೆಗಾಲದಲ್ಲೂ ಜರಿಯುವ ಸಣ್ಣಪುಟ್ಟ ಧರೆಗಳಿಗೆ ಆ ಹತ್ತು ಹದಿನೈದು ಅಡಿಯ ಅಂತರ ಸಾಕಾಗುತ್ತಿತ್ತು. ನಿವೇಶನ ಪೋಲಾಗಬಾರದೆಂದು ಧರೆಗೆ ಒತ್ತಿಕೊಂಡೇ ಕಾಂಕ್ರೀಟು ಏರಿಸುವ ಈಗಿನ ಮನೆಗಳನ್ನು ನೋಡಿದಾಗ ಭಯವಾಗುತ್ತದೆ.

ಇಷ್ಟಾದರೂ ಹಿತ್ತಲು ಸಣ್ಣದಾಗುತ್ತ ಬಂದುದೇಕೆ? ವಿಚಿತ್ರವೆಂದರೆ ಅದನ್ನು ನುಂಗಿದ ಬೆಳೆ ಹುಟ್ಟಿದ್ದೇ ಹಿತ್ತಲಿನಲ್ಲಿ.

ಹದಿನೇಳನೇ ಶತಮಾನದಲ್ಲಿ ಸೂಫಿ ಸಂತ ಬಾಬಾಬುಡನ್ ಯಾತ್ರೆಯಿಂದ ಮರಳುವಾಗ ಯೆಮೆನ್ ದೇಶದ ಮೋಖಾ ಬಂದರಿನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಗಿರಿಯಲ್ಲಿ ನೆಟ್ಟರೆಂಬ ಕಥೆ ಎಲ್ಲರಿಗೂ ಗೊತ್ತು. ಅನಂತರದ ಕಥೆ ಅಷ್ಟು ಪ್ರಸಿದ್ಧವಲ್ಲ. ಬಹಳ ಕಾಲ ಕಾಫಿ ಗಿಡ ಒಂದು ಕುತೂಹಲದ ಗಿಡವಾಗಿ, ಮನೆಯಿಂದ ಮನೆಗೆ ಹಿತ್ತಲಿನಿಂದ ಹಿತ್ತಲಿಗೆ ನಿಧಾನವಾಗಿ ಹರಡಿತು. ಕಾಫಿ ಮಂಡಳಿಯೇ ತನ್ನ ಇತಿಹಾಸದಲ್ಲಿ ಹಾಗೆ ಹೇಳಿಕೊಂಡಿದೆ. ಹಲಸಿನ ನೆರಳು, ಕೊಟ್ಟಿಗೆಯ ಗೊಬ್ಬರ, ಬಚ್ಚಲಿನ ತೇವ: ಗಿಡಕ್ಕೆ ಬೇಕಾದ್ದೆಲ್ಲ ಅಲ್ಲಿತ್ತು. ನೆರಳಿನಡಿ ಕಾಫಿ ಬೆಳೆಯುವ ನಮ್ಮ ಪದ್ಧತಿಯನ್ನು ಈಗ ಹೊರದೇಶದವರು ಬಂದು ಹೊಗಳುತ್ತಾರೆ. ಅದರ ಮೊದಲ ಪಾಠ ಹಿತ್ತಲಿನಲ್ಲೇ ಆಗಿರಬೇಕೆಂದು ನನ್ನ ಊಹೆ.

ಕಾಫಿ ಹಿತ್ತಲು ಬಿಟ್ಟು ಗುಡ್ಡ ಹತ್ತಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷರವನು ಬಾಬಾಬುಡನ್ ಗಿರಿಯ ದಕ್ಷಿಣದ ಏರಿನಲ್ಲಿ ತೋಟ ಮಾಡಿದ. ಮೈಸೂರು ಸರ್ಕಾರ ಮೊದಲು ಬೆಳೆಯಲ್ಲೇ ಪಾಲು ಎತ್ತುತ್ತಿತ್ತು. ಮುಂದೆ ಮಣಕ್ಕೆ ಇಷ್ಟೆಂದು 'ಹಾಲತ್' ಎಂಬ ಸುಂಕ ಹಾಕಿತು. ಮನೆಯವರು ಕುಡಿಯಲೆಂದು ಬೆಳೆದ ಗಿಡ ಹೀಗೆ ಸರ್ಕಾರದ ಲೆಕ್ಕಕ್ಕೆ ಸೇರಿತು. ಚಿಕ್ಕಮಗಳೂರಿನ ಹೆಸರನ್ನೇ ಹೊತ್ತಿದ್ದ 'ಚಿಕ್' ತಳಿಯನ್ನು 1860ರ ದಶಕದಿಂದ ಕಾಂಡಕೊರಕ ಹುಳು ಹಾಳುಗೆಡವಿತು. ಆಮೇಲೆ ಬಂದ ಎಲೆ ತುಕ್ಕು ರೋಗ, ಹೊಸ ತಳಿಗಳು, 1925ರಲ್ಲಿ ಬಾಳೆಹೊನ್ನೂರಿನಲ್ಲಿ ನೆಲೆನಿಂತ ಸಂಶೋಧನಾ ಕೇಂದ್ರ, ಇವೆಲ್ಲ ತೋಟದ ಚರಿತ್ರೆ. ಇಲ್ಲಿ ಬೇಡ.

ಹಿತ್ತಲಿಗೆ ದೊಡ್ಡ ಪೆಟ್ಟು ಬಿದ್ದದ್ದು ನಮ್ಮ ಕಣ್ಣೆದುರಿಗೇ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೆ ಕೊಡಬೇಕಿತ್ತು. ಬೀಜಕ್ಕೂ ಮನೆಖರ್ಚಿಗೂ ಒಂದಿಷ್ಟು ಉಳಿಸಿಕೊಳ್ಳಬಹುದಿತ್ತು, ಅಷ್ಟೆ. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ನಡುವೆ 1994ರಲ್ಲಿ ಬ್ರೆಜಿಲ್ ದೇಶದ ಕಾಫಿ ತೋಟಗಳ ಮೇಲೆ ಹಿಮ ಬಿದ್ದು, ಲೋಕದಲ್ಲೆಲ್ಲ ಕಾಫಿಯ ಬೆಲೆ ಒಮ್ಮೆಗೇ ನೆಗೆಯಿತು. ಎಲ್ಲಿಯೋ ಬಿದ್ದ ಹಿಮ ಮೂಡಿಗೆರೆಯ ಕೆಸುವಿನ ಪಾತಿಯನ್ನು ಅಗೆಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ನಾನು ಬಲ್ಲ ಮನೆಗಳಲ್ಲೇ ಬಚ್ಚಲಿನ ಗೋಡೆಯವರೆಗೂ ರೊಬಸ್ಟಾ ಗಿಡ ಬಂತು. ಬಸಳೆ ಚಪ್ಪರ ಹೋಯಿತು, ತರಕಾರಿ ಪೇಟೆಯಿಂದ ಜೀಪಿನಲ್ಲಿ ಬರತೊಡಗಿತು. ಜೇನುಪೆಟ್ಟಿಗೆಗಳು ಅದಾಗಲೇ ಖಾಲಿಯಾಗಿದ್ದವು. 1990ರ ದಶಕದ ಮೊದಲಲ್ಲಿ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ನಮ್ಮ ನಾಡಜೇನನ್ನು ಸಾರಾಸಗಟಾಗಿ ಕೊಂದಿತ್ತು. ರೊಬಸ್ಟಾ ಕಾಯಿ ಕಟ್ಟಬೇಕಾದರೆ ಒಂದು ಗಿಡದ ಪರಾಗ ಇನ್ನೊಂದಕ್ಕೆ ಸೇರಲೇಬೇಕು, ಆ ಕೆಲಸದಲ್ಲಿ ಜೇನಿನ ಪಾಲು ದೊಡ್ಡದು. ಹಿತ್ತಲಿನ ಪೆಟ್ಟಿಗೆ ಜೇನುತುಪ್ಪವನ್ನಷ್ಟೇ ಕೊಡುತ್ತಿರಲಿಲ್ಲ ಎಂಬುದು ಆಗ ಹಲವರಿಗೆ ಹೊಳೆಯಿತು.

ಅಗೆಯುವ ತೀರ್ಮಾನ ಮಾಡಿದವರು ಯಾರು ಎಂಬುದನ್ನೂ ಕೇಳಬೇಕು. ಜಗುಲಿಯಲ್ಲಿ ಕುಳಿತು ಎಕರೆಗೆ ಎಷ್ಟು ಮೂಟೆ ಎಂದು ಲೆಕ್ಕ ಹಾಕುವವರು ಹಿಂಬಾಗಿಲಿನಿಂದ ದಿನಕ್ಕೊಮ್ಮೆಯೂ ಇಳಿದವರಲ್ಲ. ಹಿತ್ತಲಿನ ಲೆಕ್ಕ ಹೆಂಗಸರ ಬಳಿ ಇತ್ತು. ಬಾಳೆಗೊನೆ, ಕೋಳಿಮೊಟ್ಟೆಯಿಂದ ಬರುವ ಚಿಲ್ಲರೆಯೂ ಅವರದೇ. ಆ ಲೆಕ್ಕ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲವಾದ್ದರಿಂದ ಲಾಭನಷ್ಟದ ಮಾತು ಬಂದಾಗ ಅದು ಸೊನ್ನೆಯಾಯಿತು.

ಹಿತ್ತಲಿದ್ದು ಕಳೆದುಕೊಂಡವರ ಮಾತಾಯಿತು. ಹಿತ್ತಲೇ ಇಲ್ಲದವರೂ ಈ ಗುಡ್ಡಗಳಲ್ಲೇ ಇದ್ದಾರೆ. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ, ಈಚೆಗೆ ಅಸ್ಸಾಮಿನಿಂದ ಬಂದ ಕೂಲಿಯವರು ತಲೆತಲಾಂತರ ಬದುಕಿದ್ದು ತೋಟದ ಲೈನ್ ಮನೆಗಳಲ್ಲಿ. ಬೆನ್ನಿಗೆ ಬೆನ್ನು ಕೊಟ್ಟ ಕೋಣೆಗಳ ಸಾಲು, ಗೋಡೆಯಿಂದ ನಾಲ್ಕಡಿಗೆ ಕಾಫಿ ಗಿಡ. ತೋಟದ ಮಾಲೀಕರು ಕಾರ್ಮಿಕರಿಗೆ ಮನೆ ಕೊಡಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ವಿಧಿಸಿತು, ಆದರೆ ಮನೆ ಕೆಲಸಕ್ಕೆ ಅಂಟಿಕೊಂಡೇ ಉಳಿಯಿತು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 38ನೇ ಕಲಮಿನಲ್ಲಿ ಒಂದು ಒಳ್ಳೆಯ ಮಾತಿದೆ. ಬೇರೆಯವರ ಜಮೀನಿನಲ್ಲಿ ವಾಸವಾಗಿರುವ ಕೃಷಿ ಕಾರ್ಮಿಕನಿಗೆ ಮನೆಯ ಒಡೆತನವಷ್ಟೇ ಅಲ್ಲ, ಅದಕ್ಕೆ ಹೊಂದಿಕೊಂಡ, ಅದರ ಅನುಭೋಗಕ್ಕೆ ಅಗತ್ಯವಾದ ನೆಲವೂ ಸೇರುತ್ತದೆ ಎಂದು. ಎಂದರೆ ಹಿತ್ತಲಿಲ್ಲದೆ ಮನೆ ಪೂರ್ತಿಯಾಗದೆಂದು ಕಾನೂನೇ ಒಪ್ಪಿತು. ಅದೇ ಕಾಯ್ದೆಯ 104ನೇ ಕಲಮು, ಈ 38ನೆಯದು ತೋಟಗಳಿಗೆ ಅನ್ವಯಿಸುವುದಿಲ್ಲ ಎಂದಿತು. ಬಯಲಿನ ಜೀತದಾಳಿಗೆ ತೆರೆದ ಬಾಗಿಲು ಕಾಫಿ ಕುಯ್ಯುವವರಿಗೆ ತೆರೆಯಲಿಲ್ಲ. ಲೈನ್ ಮನೆಯ ಸೂರಿನ ನೀರು ಬೀಳುವ ಗೆರೆಯುದ್ದಕ್ಕೂ, ಒಂದೇ ಅಡಿ ಅಗಲದಲ್ಲಿ, ಕೆಸುವನ್ನೂ ಚಕ್ರಮುನಿ ಸೊಪ್ಪನ್ನೂ ಒತ್ತೊತ್ತಾಗಿ ಊರಿರುವುದನ್ನು ಕಳಸದ ಹಾದಿಯಲ್ಲಿ ಕಂಡಿದ್ದೇನೆ. ಹಿತ್ತಲು ಬೇಕೇ ಬೇಡವೇ ಎಂಬ ಚರ್ಚೆಗೆ ಆ ಮನೆಗಳವರನ್ನು ಕರೆದವರಿಲ್ಲ.

ಚಿಕ್ಕಮಗಳೂರಿನ ಹೊಸ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ನಿವೇಶನ ಕೊಂಡವರು ಈಗ ಅದೇ ಪ್ರಶ್ನೆಯ ಮುಂದೆ ನಿಂತಿದ್ದಾರೆ: ಹಿಂದೆ ಹತ್ತಡಿ ಬಿಡುವುದೋ, ಇನ್ನೊಂದು ಕೋಣೆ ಎಳೆದು ಬಾಡಿಗೆಗೆ ಕೊಡುವುದೋ. ಹಳ್ಳಿಯಲ್ಲಾದರೆ ಹೋಂಸ್ಟೇ ಅತಿಥಿಗಳ ಕಾರು ನಿಲ್ಲಿಸಲು ಜಾಗ ಬೇಕು. ಅದೇ ಅತಿಥಿಗಳಿಗೆ ಪತ್ರೊಡೆ ಬಡಿಸಲು ಕೆಸುವಿನ ಎಲೆಯನ್ನು ಸಂತೆಯಿಂದ ತರುವ ಮನೆಯೊಂದನ್ನು ನೋಡಿ ಬಂದೆ.

ಕೆನಡಾದ ಬಂಧುಗಳು ಕೊನೆಗೆ ಪುಟ್ಟ ಹಿತ್ತಲಿರುವ ಮನೆಯನ್ನೇ ಕೊಂಡರು. ಮೇ ಕೊನೆಗೆ ನೆಲ ಬೆಚ್ಚಗಾದ ಮೇಲೆ ಆಕೆ ಮೆಂತ್ಯ, ದಂಟು ಬಿತ್ತುತ್ತಾರೆ. ಹಿಮ ಬೀಳುವ ಮೊದಲೇ ಕೆಸುವಿನ ಗಡ್ಡೆ ಕಿತ್ತು ನೆಲಮಾಳಿಗೆಯಲ್ಲಿ ಒಣಮಣ್ಣಿನಲ್ಲಿ ಹೂತಿಡುತ್ತಾರೆ. ಬಾಗಿಲ ಮುಂದಿನ ಹಿಮವನ್ನು ಎತ್ತಿಹಾಕಲು ಒಂದು ಜಾಗ ಸಿಕ್ಕಿತು ಎಂದು ಗಂಡನಿಗೂ ಸಮಾಧಾನವಂತೆ.